ಲೊಮಚೆಂಕೊ ಕಾಲ್ಚಳಕ: ಅಡಿಕೆ ಅಂಗಳದಲ್ಲಿ ಕಲಿಯುವ ಬಗೆ

ಮಳೆಗಾಲದಲ್ಲಿ ನಮ್ಮ ಕಡೆ ಸಂಕ ದಾಟುವವರನ್ನು ನೋಡಿದ್ದೀರಾ? ಹಳ್ಳಕ್ಕೆ ಎರಡು ಅಡಿಕೆ ಮರ ಅಡ್ಡ ಹಾಕಿರುತ್ತಾರೆ. ಕೆಳಗೆ ಕೆಂಪು ನೀರು. ಮರದ ಮೇಲೆ ಹಾವಸೆ. ತಲೆ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸು ಅದನ್ನು ದಾಟುವಾಗ ಕಾಲು ಎತ್ತುವುದೇ ಇಲ್ಲ. ಮುಂದಿನ ಕಾಲನ್ನು ಒಂದು ಗೇಣು ಮುಂದಕ್ಕೆ ಜಾರಿಸುತ್ತಾಳೆ. ಅದು ಕಚ್ಚಿಕೊಂಡಿದೆ ಅಂತ ಗೊತ್ತಾದ ಮೇಲೆ ಹಿಂದಿನ ಕಾಲನ್ನು ಎಳೆದುಕೊಳ್ಳುತ್ತಾಳೆ. ಒಂದು ಕಾಲು ಇನ್ನೊಂದನ್ನು ದಾಟುವುದಿಲ್ಲ. ಮಂಡಿ ಸ್ವಲ್ಪ ಬಾಗಿರುತ್ತದೆ. ಕಣ್ಣು ಕಾಲಿನ ಮೇಲಲ್ಲ, ಆಚೆ ದಡದ ಮೇಲೆ.

ಬಾಕ್ಸಿಂಗಿನ ಮೊದಲ ಪಾಠ ಇದೇ. ತೀರ್ಥಹಳ್ಳಿ ಕಡೆಯ ಒಂದು ಊರಿನಲ್ಲಿ ನಾನು ಹುಡುಗ ಹುಡುಗಿಯರಿಗೆ ಬಾಕ್ಸಿಂಗ್ ಹೇಳಿಕೊಡುತ್ತೇನೆ. ನಮ್ಮಲ್ಲಿ ರಿಂಗ್ ಇಲ್ಲ. ಅಡಿಕೆ ಒಣಗಿಸುವ ಅಂಗಳ ಇದೆ, ಉದ್ದನೆಯ ಜಗಲಿ ಇದೆ. ಕಾಲು ಕಲಿಯುವುದಕ್ಕೆ ಅಷ್ಟು ಸಾಕು. ಮಾದರಿಗೆ ನಾನು ಇಟ್ಟುಕೊಂಡಿರುವುದು ಒಬ್ಬನನ್ನೇ: ಉಕ್ರೇನಿನ ವಾಸಿಲ್ ಲೊಮಚೆಂಕೊ.

ಯಾಕೆ ಇವನೇ?

2008ರ ಬೀಜಿಂಗ್ ಮತ್ತು 2012ರ ಲಂಡನ್ ಒಲಿಂಪಿಕ್ಸ್, ಎರಡರಲ್ಲೂ ಚಿನ್ನ. ಹವ್ಯಾಸಿ ಬಾಕ್ಸಿಂಗಿನಲ್ಲಿ 396 ಗೆಲುವು, ಒಂದೇ ಸೋಲು. ವೃತ್ತಿಪರನಾದ ಮೇಲೆ ಮೂರನೇ ಪಂದ್ಯದಲ್ಲೇ ವಿಶ್ವ ಪಟ್ಟ. 12ನೇ ಪಂದ್ಯದ ಹೊತ್ತಿಗೆ ಮೂರು ತೂಕದ ವಿಭಾಗಗಳಲ್ಲಿ ಚಾಂಪಿಯನ್. 2025ರಲ್ಲಿ ನಿವೃತ್ತಿ.

ಇಷ್ಟು ಮಾಡಿದವನು ದೈತ್ಯನಲ್ಲ. ಎತ್ತರ ಸುಮಾರು 170 ಸೆಂಟಿಮೀಟರ್. ಎರಡೂ ತೋಳು ಚಾಚಿದರೆ ಬರುವ ಅಳತೆ ಅದಕ್ಕಿಂತಲೂ ಸ್ವಲ್ಪ ಕಡಿಮೆ. ಕೈ ಗಿಡ್ಡ ಇರುವವನು ದೂರ ನಿಂತು ಹೊಡೆಯಲಾರ, ಎದುರಾಳಿಯ ಹತ್ತಿರ ಹೋಗಲೇಬೇಕು. ಹತ್ತಿರ ಹೋದರೆ ಪೆಟ್ಟು ಬೀಳುತ್ತದೆ. ಇದಕ್ಕೆ ಲೊಮಚೆಂಕೊ ಕಂಡುಕೊಂಡ ದಾರಿ ಪಕ್ಕದ್ದು. ಎದುರಾಳಿಯ ಎರಡು ಮುಷ್ಟಿಯಲ್ಲಿ ಒಂದು ನಿರುಪಯೋಗ ಆಗುವ ಜಾಗಕ್ಕೆ ಕಾಲಿಟ್ಟು, ಅಲ್ಲಿಂದ ಹೊಡೆಯುವುದು. ಎದುರಾಳಿ ತಿರುಗಿ ನಿಲ್ಲುವಷ್ಟರಲ್ಲಿ ಎರಡು ಮೂರು ಹೊಡೆತ ಆಗಿಹೋಗಿರುತ್ತದೆ.

ಈ ಕಾಲು ಎಲ್ಲಿಂದ ಬಂತು ಅನ್ನುವುದು ನನಗೆ ಬಹಳ ಹಿಡಿಸಿದ ವಿಷಯ. ಅವನ ತಂದೆ ಅನಾತೊಲಿಯೇ ಅವನ ಗುರು. ಚಿಕ್ಕವನಿದ್ದಾಗ ಅವರು ಮಗನನ್ನು ಬಾಕ್ಸಿಂಗಿನಿಂದ ಬಿಡಿಸಿ, ಕೆಲವು ವರ್ಷ ಉಕ್ರೇನಿನ ಸಾಂಪ್ರದಾಯಿಕ ನೃತ್ಯ ಕಲಿಯಲು ಕಳಿಸಿದರು. ಹೆಜ್ಜೆ, ತಾಳ, ಮೈಭಾರ ಒಂದು ಕಾಲಿನಿಂದ ಇನ್ನೊಂದಕ್ಕೆ ಸಾಗುವ ಪರಿ, ಎಲ್ಲಾ ಅಲ್ಲಿ ಕೂತುಬಿಟ್ಟಿತು. ಯಕ್ಷಗಾನದ ನಾಡಿನವರಿಗೆ ಇದು ಹೊಸದಲ್ಲ. ನಮ್ಮಲ್ಲೂ ಕಲಿಯಲು ಬಂದವನಿಗೆ ಮೊದಲು ಹೆಜ್ಜೆ ಹಾಕಿಸುತ್ತಾರೆ, ವೇಷ ಕಟ್ಟುವುದು ಆಮೇಲೆ.

ನಾನು ಮೊದಲು ಕಲಿಯಲು ಹೋದ ಕಡೆ ಇದು ತಲೆಕೆಳಗಾಗಿತ್ತು. ಮೊದಲ ದಿನವೇ ಗ್ಲೌಸ್ ಕೊಟ್ಟು ಚೀಲಕ್ಕೆ ಹೊಡೆಯಲು ಹೇಳಿದರು. ಕಾಲಿನ ಬಗ್ಗೆ ಒಬ್ಬರೂ ಮಾತಾಡಲಿಲ್ಲ. ಎರಡು ವರ್ಷದ ಮೇಲೆ ಕಾಲು ಕತ್ತರಿಯಾಗುವ, ಅಂದರೆ ಒಂದು ಇನ್ನೊಂದನ್ನು ದಾಟುವ ಚಾಳಿ ಬಿಡಿಸಿಕೊಳ್ಳಲು ನನಗೆ ಇನ್ನೂ ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ಇನ್ಯಾರಿಗೂ ವ್ಯರ್ಥ ಆಗದಿರಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಜಾಗ ಮತ್ತು ಕಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳಕ್ಕೆ ಇಳಿಯಬೇಡಿ. ಹಾವಸೆ ಮೇಲೆ ಪಿವಟ್ (ಒಂದು ಕಾಲನ್ನು ಊರಿಕೊಂಡು ಮೈ ತಿರುಗಿಸುವುದು) ಮಾಡಲು ಹೋದರೆ ಮಂಡಿ ಹೋಗುತ್ತದೆ. ಆ ನಾಲ್ಕು ತಿಂಗಳು ಜಗಲಿಯೇ ಶಾಲೆ. ಜಗಲಿ ಅಗಲ ಕಡಿಮೆ ಇರುವುದು ಒಳ್ಳೆಯದೇ, ದೊಡ್ಡ ಹೆಜ್ಜೆ ಇಡಲು ಆಗುವುದಿಲ್ಲ. ಕೊಯ್ಲು ಶುರುವಾದ ಮೇಲೆ ಅಂಗಳ ಅಡಿಕೆಯದ್ದು, ಅದನ್ನು ಕೇಳಲೇಬೇಡಿ. ಸುಗ್ಗಿ ಮುಗಿದು, ಸಗಣಿ ಸಾರಿಸಿ, ಒಣಗಿ ಗಟ್ಟಿಯಾದ ಅಂಗಳ ಸಿಕ್ಕಿತೋ, ಆಗ 20 ಅಡಿ ಚೌಕ ಗೆರೆ ಎಳೆಯಿರಿ. ಹವ್ಯಾಸಿ ಬಾಕ್ಸಿಂಗಿನಲ್ಲಿ ಹಗ್ಗದ ಒಳಗಿನ ಅಳತೆ ಹೆಚ್ಚುಕಮ್ಮಿ ಅಷ್ಟೇ.

ಕಾಲಿಗೆ ಚಪ್ಪಟೆ ತಳದ ಕ್ಯಾನ್ವಾಸ್ ಶೂ ಸಾಕು. ಓಡುವ ಶೂ ಬೇಡ, ಅದರ ತಳ ನೆಲವನ್ನು ಜಾಸ್ತಿ ಹಿಡಿಯುತ್ತದೆ, ತಿರುಗುವಾಗ ಮಂಡಿ ತಿರುಚಿಕೊಳ್ಳುತ್ತದೆ.

ನಿಲುವು

ಬಲಗೈಯವರು ಎಡಗಾಲು ಮುಂದಿಟ್ಟು ನಿಲ್ಲುತ್ತಾರೆ. ಇದಕ್ಕೆ ಆರ್ಥೊಡಾಕ್ಸ್ ಅನ್ನುತ್ತಾರೆ. ಲೊಮಚೆಂಕೊ ಸೌತ್‌ಪಾ, ಬಲಗಾಲು ಮುಂದೆ. ಇಲ್ಲಿ ನಾನು ಹೇಳುವುದೆಲ್ಲಾ ಎಡಗಾಲು ಮುಂದಿಡುವವರಿಗೆ. ಅವನ ವಿಡಿಯೊ ನೋಡುವಾಗ ಕನ್ನಡಿಯಲ್ಲಿ ನೋಡಿದ ಹಾಗೆ ಎಡಬಲ ಬದಲಿಸಿಕೊಳ್ಳಿ.

ಸೀಮೆಸುಣ್ಣದಲ್ಲಿ ನೇರ ಗೆರೆ ಎಳೆದು, ಆ ಗೆರೆ ಎದುರಾಳಿಯ ಕಡೆಗೆ ಹೋಗುತ್ತಿದೆ ಅಂದುಕೊಳ್ಳಿ. ಎಡಗಾಲಿನ ಹೆಬ್ಬೆರಳು ಗೆರೆಯ ಎಡಬದಿಯಿಂದ ತಾಗಲಿ. ಬಲಗಾಲಿನ ಹಿಮ್ಮಡಿ ಗೆರೆಯ ಬಲಬದಿಯಿಂದ ತಾಗಲಿ. ಎರಡರ ನಡುವೆ ಭುಜದಗಲಕ್ಕಿಂತ ತುಸು ಜಾಸ್ತಿ ಅಂತರ. ಎಡಪಾದ ಸ್ವಲ್ಪ ಬಲಕ್ಕೆ ತಿರುಗಿರಲಿ. ಬಲ ಹಿಮ್ಮಡಿ ನೆಲದಿಂದ ಎದ್ದಿರಲಿ. ಎಷ್ಟು ಅಂದರೆ, ಕೆಳಗೆ ಒಂದು ಸುಲಿದ ಅಡಿಕೆ ಇಟ್ಟರೆ ಅದು ಹಿಮ್ಮಡಿಗೆ ಸುಮ್ನೆ ತಾಗಿರಬೇಕು, ಒತ್ತಬಾರದು. ಮೈಭಾರ ಎರಡೂ ಕಾಲಿಗೆ ಸಮ. ಮಂಡಿ ಮೆತ್ತಗೆ.

ಪರೀಕ್ಷೆ ಸುಲಭ. ಯಾರಾದರೂ ಬಂದು ಭುಜಕ್ಕೆ ಮುಂದಿನಿಂದ, ಪಕ್ಕದಿಂದ ತಳ್ಳಲಿ. ಯಾವ ಕಡೆಗೂ ಓಲಾಡದೆ ನಿಂತರೆ ನಿಲುವು ಬಂತು. ಮೂರು ದಿನ ಇಷ್ಟೇ ಮಾಡಿ. ಬೇಜಾರಾಗುತ್ತದೆ, ಗೊತ್ತು. ಆದರೂ ಮಾಡಿ.

ಸಂಕದ ಹೆಜ್ಜೆ

ನಿಯಮ ಒಂದೇ: ಯಾವ ಕಡೆಗೆ ಹೋಗಬೇಕೋ ಆ ಕಡೆಯ ಕಾಲು ಮೊದಲು. ಮುಂದಕ್ಕೆ ಎಡಗಾಲು, ಹಿಂದಕ್ಕೆ ಬಲಗಾಲು, ಎಡಕ್ಕೆ ಎಡಗಾಲು, ಬಲಕ್ಕೆ ಬಲಗಾಲು. ಮೊದಲ ಕಾಲು ಎಷ್ಟು ಹೋಯಿತೋ ಎರಡನೆಯದೂ ಅಷ್ಟೇ ಹೋಗಬೇಕು. ಹೆಜ್ಜೆ ಮುಗಿದಾಗ ಮೊದಲಿನ ಅಂತರವೇ ಇರಬೇಕು. ಒಂದು ಹೆಜ್ಜೆಗೆ ಒಂದು ಗೇಣು, ಅದಕ್ಕಿಂತ ಜಾಸ್ತಿ ಬೇಡ. ಚಲನೆ ಹುಟ್ಟುವುದು ಹಿಂದುಳಿದ ಕಾಲಿನ ಒತ್ತಿನಿಂದ. ಮುಂದಕ್ಕೆ ಹೋಗುವುದು ಅಂದರೆ ಬಲಗಾಲಿನಿಂದ ನೆಲವನ್ನು ಹಿಂದಕ್ಕೆ ದಬ್ಬುವುದು. ಎಡಗಾಲು ಸುಮ್ನೆ ಜಾಗ ಬಿಟ್ಟುಕೊಡುತ್ತದೆ.

ಜಗಲಿಯ ಉದ್ದಕ್ಕೂ ಒಂದೂವರೆ ಅಡಿ ಅಂತರದಲ್ಲಿ ಎರಡು ಗೆರೆ ಎಳೆಯಿರಿ. ಅದೇ ನಿಮ್ಮ ಸಂಕ. ಅದರ ಮೇಲೆ ಮುಂದೆ ಹಿಂದೆ, 3 ನಿಮಿಷ. ಒಂದು ನಿಮಿಷ ವಿಶ್ರಾಂತಿ. ಹೀಗೆ ಮೂರು ಸಲ. ಕೈ ಎರಡೂ ಕೆನ್ನೆ ಹತ್ತಿರ ಇರಲಿ, ಕಣ್ಣು ಎದುರಿನ ಕಂಬದ ಮೇಲಿರಲಿ. ಎರಡು ವಾರ ಆದ ಮೇಲೆ ಪಕ್ಕದ ಹೆಜ್ಜೆಗಳನ್ನು ಸೇರಿಸಿ.

ನಮ್ಮಲ್ಲಿ ಬರುವ ಒಬ್ಬ ಹುಡುಗ ದಿನಾ ಕೇಳುತ್ತಿದ್ದ. "ಅಣ್ಣಾ, ಇವತ್ತಾದ್ರೂ ಗ್ಲೌಸ್ ಕೊಡ್ತೀರಾ?"

"ಕೊಡ್ತೀನಿ ಮಾರಾಯ. ಕಾಲು ಕತ್ತರಿ ಆಗದೆ ಈ ಗೆರೆ ಮೇಲೆ ಮೂರು ರೌಂಡ್ ಹೋಗು ಮೊದ್ಲು."

ಹನ್ನೊಂದನೇ ದಿನ ಹೋದ. ಅವತ್ತೇ ಗ್ಲೌಸ್ ಕೊಟ್ಟೆ.

ಎಲ್ಲರಿಗೂ ಬರುವ ತೊಂದರೆ ಹಾರುವುದು. ಹಾರಿದಾಗ ಎರಡೂ ಕಾಲು ಗಾಳಿಯಲ್ಲಿರುತ್ತದೆ, ಆ ಕ್ಷಣ ದಿಕ್ಕು ಬದಲಿಸಲು ಆಗುವುದಿಲ್ಲ, ಹೊಡೆತಕ್ಕೆ ಬಲವೂ ಬರುವುದಿಲ್ಲ. ಇದನ್ನು ಬಿಡಿಸಲು ನನಗೆ ದಾರಿ ತೋರಿಸಿದವಳು ನಮ್ಮಲ್ಲಿ ಕಲಿಯುವ ಒಬ್ಬ ಹುಡುಗಿ. ಅವಳ ಅಜ್ಜ ಮೇಳದಲ್ಲಿ ವೇಷ ಮಾಡುತ್ತಿದ್ದವರು. ಒಂದು ಸಂಜೆ ಅವಳು ಅಜ್ಜನ ಹಳೆಯ ಗೆಜ್ಜೆ ತಂದು ಎರಡೂ ಕಾಲಿಗೆ ಕಟ್ಟಿಕೊಂಡು ಜಗಲಿ ಮೇಲೆ ಹೆಜ್ಜೆ ಹಾಕಿದಳು. ಹೊರಗೆ ಮಾಡಿನ ನೀರು ಧೋ ಅಂತ ಸುರಿಯುತ್ತಿತ್ತು. ಆದರೂ ಗೆಜ್ಜೆ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಹಾರಿದಾಗ ಎರಡೂ ಕಾಲಿನ ಗೆಜ್ಜೆ ಒಟ್ಟಿಗೆ 'ಝಲ್' ಅನ್ನುತ್ತಿತ್ತು. ಹೆಜ್ಜೆ ಸರಿಯಾದಾಗ ಒಂದಾದ ಮೇಲೆ ಒಂದು, ಸಣ್ಣಗೆ, 'ಜಣ್... ಜಣ್'. ಅವಳು ಕಣ್ಣು ಮುಚ್ಚಿಕೊಂಡು, ಬರೀ ಕಿವಿಯಿಂದ ತನ್ನ ಕಾಲನ್ನು ತಿದ್ದಿಕೊಂಡಳು. ಒಂದೇ ವಾರದಲ್ಲಿ ಹಾರುವುದು ನಿಂತಿತು. ಈಗ ಎಲ್ಲರಿಗೂ ಕಟ್ಟಿಸುತ್ತೇನೆ. ಗೆಜ್ಜೆ ಇಲ್ಲದವರು ಬೀಗದ ಕೈ ಗೊಂಚಲು ಕಟ್ಟಿದರೂ ಆದೀತು.

ಯಕ್ಷಗಾನದ ಹೆಜ್ಜೆಯನ್ನೇ ಬಾಕ್ಸಿಂಗಿಗೆ ತರಬಹುದಾ ಅಂತ ಕೆಲವರು ಕೇಳುತ್ತಾರೆ. ಹಾಗೇ ತರಲು ಆಗದು. ಅಲ್ಲಿ ಕಾಲು ನೆಲಕ್ಕೆ ಬಡಿಯಬೇಕು, ಸದ್ದು ಬರಬೇಕು. ಇಲ್ಲಿ ಸದ್ದು ಕಡಿಮೆಯಾದಷ್ಟೂ ಒಳ್ಳೆಯದು. ಆದರೆ ಲಯ, ಬಾಗಿದ ಮಂಡಿ, ಸೊಂಟದ ಮೇಲಿನ ಭಾಗ ಅಲುಗದೆ ಕಾಲು ಮಾತ್ರ ಓಡುವುದು, ಇದೆಲ್ಲಾ ಖಂಡಿತ ಬರುತ್ತದೆ. ಹೆಜ್ಜೆ ಕಲಿತ ಮಕ್ಕಳು ನನ್ನ ಹತ್ತಿರ ಬೇಗ ಕಲಿಯುತ್ತಾರೆ.

ವಿಡಿಯೊದಲ್ಲಿ ಲೊಮಚೆಂಕೊ ಸಣ್ಣಗೆ ಪುಟಿಯುವುದು ನಿಮಗೆ ಕಾಣಬಹುದು. ನೆಲ ಬಿಡದ ಹೆಜ್ಜೆ ಮೈಗೂಡಿದ ಮೇಲೆ ಬರುವ ಪುಟಿತ ಅದು. ಈಗ ಅದನ್ನು ನಕಲು ಮಾಡಬೇಡಿ.

ಜೊತೆಗಾರ ಇದ್ದರೆ ಬೈರಾಸಿನ (ಟವೆಲಿನ) ಆಟ ಆಡಿ. ಒಬ್ಬೊಬ್ಬರು ಒಂದೊಂದು ತುದಿ ಹಿಡಿಯಿರಿ. ಒಬ್ಬ ಮನಸ್ಸು ಬಂದ ಕಡೆ ಹೆಜ್ಜೆ ಹಾಕಬೇಕು, ಇನ್ನೊಬ್ಬ ಹಿಂಬಾಲಿಸಬೇಕು. ಬೈರಾಸು ಜೋತು ಬೀಳಬಾರದು, ಬಿಗಿದು ಎಳೆಯಲೂಬಾರದು. ದೂರ ಅಳೆಯುವುದನ್ನು ಕಾಲಿಗೆ ಕಲಿಸಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಸಿಕ್ಕಿಲ್ಲ.

ಹೊರಗಾಲು

ಈಗ ಲೊಮಚೆಂಕೊನ ಮನೆಯ ಬಾಗಿಲಿಗೆ ಬಂದಿರಿ. ಜೊತೆಗಾರನನ್ನು ಸೌತ್‌ಪಾ ನಿಲುವಿನಲ್ಲಿ, ಅಂದರೆ ಬಲಗಾಲು ಮುಂದಿಟ್ಟು ನಿಲ್ಲಿಸಿ. ನಿಮ್ಮ ಎಡಗಾಲು, ಅವನ ಬಲಗಾಲು ಎದುರುಬದುರು ಬರುತ್ತದೆ. ಎಡಗಾಲನ್ನು ಮುಂದಕ್ಕೂ ಎಡಕ್ಕೂ ನಡುವಿನ ಓರೆಯಲ್ಲಿ ಇಟ್ಟು, ಅವನ ಬಲಗಾಲಿನ ಕಿರುಬೆರಳಿನ ಆಚೆಗೆ ತನ್ನಿ. ಈ ಜಾಗವೇ ಹೊರಗಾಲು.

ಅಲ್ಲಿ ನಿಂತು ಒಮ್ಮೆ ನೋಡಿ. ನಿಮ್ಮ ಬಲಗೈಗೆ ಅವನ ಗಲ್ಲದವರೆಗೆ ನೇರ ದಾರಿ. ಅವನ ಬಲವಾದ ಎಡಗೈ ನಿಮ್ಮನ್ನು ಮುಟ್ಟಬೇಕಾದರೆ ತನ್ನ ಎದೆಯನ್ನೇ ದಾಟಿ ಬರಬೇಕು. ಒಂದು ಗೇಣಿನ ಹೆಜ್ಜೆ ಮಾಡಿದ ವ್ಯತ್ಯಾಸ ಇದು.

ಒಬ್ಬರೇ ಇದ್ದರೆ ಅಡಿಕೆ ಹಾಳೆಯಿಂದ ಪಾದದ ಆಕಾರದ ಎರಡು ತುಂಡು ಕತ್ತರಿಸಿ, ಎದುರಾಳಿಯ ಕಾಲಿನ ಹಾಗೆ ನೆಲದ ಮೇಲೆ ಇಡಿ. ಎಡಗಾಲು ಮುಂದಿನ ಹಾಳೆಯನ್ನು ಮುಟ್ಟದೆ ಅದರ ಹೊರಬದಿಗೆ ಬೀಳಬೇಕು. ಮೆಟ್ಟಿದರೆ ಹಾಳೆ ಜಾರುತ್ತದೆ, ತಪ್ಪು ತಾನಾಗಿ ಗೊತ್ತಾಗುತ್ತದೆ. ಹಣೆ ಎತ್ತರಕ್ಕೆ ತೊಲೆಯಿಂದ ಒಂದು ಗೋಟಡಿಕೆ (ಸಿಪ್ಪೆ ಸುಲಿಯದ ಒಣ ಅಡಿಕೆ) ದಾರದಲ್ಲಿ ಇಳಿಬಿಡಿ. ಅದೇ ಅವನ ತಲೆ. ಲೊಮಚೆಂಕೊ ಕೂಡ ಕಣ್ಣು ಕೈ ಚುರುಕಾಗಲು ಟೆನಿಸ್ ಬಾಲ್ ಬಳಸುತ್ತಿದ್ದ. ನಮಗೆ ಗೋಟು ಸಾಕು.

ಕಾಲೊಂದೇ ಮೊದಲು ಹೋಗಬಾರದು, ಇದು ಮುಖ್ಯ. ಎಡಗೈ ಜ್ಯಾಬ್ (ಮುಂದಿನ ಕೈಯ ಚುರುಕಾದ ನೇರ ಹೊಡೆತ) ಅವನ ಕಣ್ಣಿಗೆ ಮರೆ ಮಾಡುವ ಹೊತ್ತಿಗೇ ಕಾಲು ಹೋಗಬೇಕು. ಕಣ್ಣೆದುರು ಗ್ಲೌಸ್ ಇರುವಾಗ ಅವನಿಗೆ ನಿಮ್ಮ ಕಾಲು ಕಾಣುವುದಿಲ್ಲ. ತಲೆ ಎಡ ಮಂಡಿಗಿಂತ ಮುಂದೆ ಹೋಗದಿರಲಿ.

ಪಿವಟ್

ಹಳೇ ಮನೆಗಳಲ್ಲಿ ಬೀಸುವ ಕಲ್ಲು ನೋಡಿರುತ್ತೀರಿ. ನಡುವಿನ ಗೂಟ ನಿಂತಲ್ಲೇ ಇರುತ್ತದೆ, ಮೇಲಿನ ಕಲ್ಲು ಸುತ್ತುತ್ತದೆ. ಪಿವಟ್ ಕೂಡ ಹಾಗೇ. ಹೊರಗಾಲಿಟ್ಟ ಎಡಗಾಲೇ ಗೂಟ. ಅದರ ಬೆರಳ ಬುಡದ ಮೇಲೆ ಭಾರ ಕೊಟ್ಟು, ಹಿಮ್ಮಡಿ ಎತ್ತಿ, ಮೈಯನ್ನು ಬಲಕ್ಕೆ ತಿರುಗಿಸಿ. ಬಲಗಾಲು ಹಿಂದಿನಿಂದ ಎಡಕ್ಕೆ, ನೆಲ ಸವರಿಕೊಂಡು ಸುತ್ತಿ ಬರುತ್ತದೆ. ಮುಗಿದಾಗ ಮತ್ತೆ ಅದೇ ನಿಲುವು, ಅದೇ ಅಂತರ. ನೀವೀಗ ಅವನ ಬಲ ಭುಜದ ಹೊರಗಿದ್ದೀರಿ. ಅವನು ಇನ್ನೂ ನೀವು ಮೊದಲಿದ್ದ ಜಾಗವನ್ನೇ ನೋಡುತ್ತಿದ್ದಾನೆ.

ಮೊದಲ ತಿಂಗಳು 45 ಡಿಗ್ರಿ ಸಾಕು. 90ಕ್ಕೆ ಆತುರ ಬೇಡ. ಎಡಪಾದದ ಬೆರಳ ಬುಡದ ಕೆಳಗೆ 5 ರೂಪಾಯಿ ನಾಣ್ಯ ಇಟ್ಟು ತಿರುಗಿ. ನಾಣ್ಯ ಇದ್ದಲ್ಲೇ ಇರಬೇಕು. ಹಿಮ್ಮಡಿ ಊರಿಕೊಂಡು ತಿರುಗಿದರೆ ಎಲ್ಲಾ ಹೊರೆ ಮಂಡಿಯ ಮೇಲೆ ಬೀಳುತ್ತದೆ. ಈ ಒಂದು ತಪ್ಪಿಗೆ ನಾನು ಅಭ್ಯಾಸವನ್ನೇ ನಿಲ್ಲಿಸುತ್ತೇನೆ, ಬೇರೆ ತಪ್ಪಾದರೆ ತಿದ್ದಿ ಮುಂದುವರಿಸುತ್ತೇನೆ. ಇನ್ನೊಂದು ಸಾಮಾನ್ಯ ತಪ್ಪು: ಮೈ ತಿರುಗುತ್ತದೆ, ಬಲಗಾಲು ಅಲ್ಲೇ ಉಳಿಯುತ್ತದೆ. ಆಗ ಕಾಲುಗಳು ಒಂದೇ ಗೆರೆಗೆ ಬಂದು, ಮೆಲ್ಲಗೆ ತಳ್ಳಿದರೂ ಬೀಳುತ್ತೀರಿ. ಭುಜ ತಳ್ಳುವ ಹಳೇ ಪರೀಕ್ಷೆಯನ್ನು ಪ್ರತಿ ಪಿವಟ್ ಆದ ಮೇಲೂ ಮಾಡಿ.

ಎದುರಿನವನೂ ಎಡಗಾಲು ಮುಂದಿಟ್ಟವನಾದರೆ? ಆಗ ಇದೇ ಹೆಜ್ಜೆ ನಿಮ್ಮನ್ನು ಅವನ ಬಲಗೈ ಬದಿಗೆ ಒಯ್ಯುತ್ತದೆ. ಅವನ ಬಲಗೈ ಹೊಡೆತ ಬಂದು ವಾಪಸ್ ಹೋಗುವಷ್ಟರಲ್ಲಿ ಮಾತ್ರ ಹೋಗಿ. ಎಡಗೈ ಕೆನ್ನೆಗೆ ಅಂಟಿರಲಿ.

ಕೈ ಬರುವುದು ಈಗ

ಲೊಮಚೆಂಕೊ ಹೊಡೆಯುವುದೆಲ್ಲಾ ಬಲವಾದ ಹೊಡೆತ ಅಲ್ಲ. ಎಷ್ಟೋ ಸಲ ಸುಮ್ನೆ ತಟ್ಟುತ್ತಾನೆ, ಎದುರಾಳಿಯ ಗ್ಲೌಸನ್ನು ಮುಂಗೈಯಿಂದ ಒತ್ತುತ್ತಾನೆ. ತಟ್ಟಿದಾಗ ಎದುರಾಳಿ ಗಾರ್ಡ್ (ಮುಖ ಕಾಯುವ ಕೈ) ಎತ್ತುತ್ತಾನೆ, ತನ್ನ ಗ್ಲೌಸ್‌ನಿಂದ ತನ್ನ ಕಣ್ಣನ್ನೇ ಮುಚ್ಚಿಕೊಳ್ಳುತ್ತಾನೆ. ಆಗ ಕಾಲು ಹೋಗುತ್ತದೆ.

ನೀವು ಕಟ್ಟಬೇಕಾದ ಸರಪಳಿ ಹೀಗಿರಲಿ: ಮೆತ್ತನೆ ಜ್ಯಾಬ್ ಎರಡು, ಎರಡನೆಯದರ ಜೊತೆಗೆ ಹೊರಗಾಲು, ಬಲಗೈ ನೇರ ಹೊಡೆತ, ಪಿವಟ್, ಕೂಡಲೇ ಬಲಗೈ ಅಪ್ಪರ್‌ಕಟ್ (ಕೆಳಗಿನಿಂದ ಮೇಲಕ್ಕೆ ಬರುವ ಹೊಡೆತ) ಇಲ್ಲವೇ ಹೊಟ್ಟೆಗೆ ನೇರ ಹೊಡೆತ, ಆಮೇಲೆ ಒಂದು ಹೆಜ್ಜೆ ಹಿಂದೆ. ಪಿವಟ್ ಆದ ಮೇಲೆ ಎಡಗೈ ಹುಕ್ (ಪಕ್ಕದಿಂದ ಬಾಗಿ ಬರುವ ಹೊಡೆತ) ಬೀಸಲು ಆಸೆಯಾಗುತ್ತದೆ, ಬೇಡ. ಆ ಜಾಗದಿಂದ ಅದು ತಲೆಯ ಹಿಂಬದಿಗೆ ಬೀಳುವ ಸಂಭವ ಜಾಸ್ತಿ. ತಲೆ ಹಿಂದೆ ಹೊಡೆಯುವುದು ಫೌಲ್, ಅಪಾಯ ಕೂಡ.

ಇಡೀ ಸರಪಳಿಯನ್ನು ಒಂದು ತಿಂಗಳು ಗಾಳಿಯಲ್ಲಿ ಮಾಡಿ, ನಂತರ ಜೊತೆಗಾರ ಕೈಗೆ ಹಾಕಿಕೊಂಡು ಹಿಡಿಯುವ ಪ್ಯಾಡ್ ಮೇಲೆ. ಸ್ಪಾರಿಂಗ್ (ಇನ್ನೊಬ್ಬರ ಜೊತೆ ಅಭ್ಯಾಸದ ಕಾಳಗ) ಮಾತ್ರ ಕಲಿತ ಕೋಚ್ ಎದುರಿಗಿದ್ದಾಗಲೇ. ಹೆಡ್‌ಗಾರ್ಡ್, ಮೌತ್‌ಗಾರ್ಡ್ ಇರಲಿ. ತಲೆಗೆ ಪೆಟ್ಟು ಬಿದ್ದು ತಲೆನೋವು, ವಾಂತಿ, ಮಂಪರು ಬಂದರೆ ಅವತ್ತಿಗೆ ಆಟ ಮುಗಿಯಿತು, ನೇರ ಡಾಕ್ಟರ ಹತ್ತಿರ ಹೋಗಬೇಕು. ಇದರಲ್ಲಿ ರಾಜಿ ಇಲ್ಲ.

ಯಾವ ಪಂದ್ಯ ನೋಡಬೇಕು

ಮೊಬೈಲಿನ ಸದ್ದು ಬಂದ್ ಮಾಡಿ. ಪರದೆಯ ಮೇಲರ್ಧವನ್ನು ಕೈಯಿಂದ ಮುಚ್ಚಿ, ಕಾಲು ಮಾತ್ರ ನೋಡಿ.

ಮೊದಲು 2016ರ ಜೂನ್‌ನ ರೋಮನ್ ಮಾರ್ಟಿನೆಜ್ ಪಂದ್ಯ. ಮಾರ್ಟಿನೆಜ್ ಆರ್ಥೊಡಾಕ್ಸ್, ಹಾಗಾಗಿ ಹೊರಗಾಲು ಸ್ಪಷ್ಟವಾಗಿ ಕಾಣುತ್ತದೆ. ಐದನೇ ರೌಂಡಿನಲ್ಲಿ ಮುಗಿಯಿತು. 2017ರ ಡಿಸೆಂಬರ್‌ನಲ್ಲಿ ಗಿಲೆರ್ಮೊ ರಿಗೊಂಡೊ ಎದುರು ಆಡಿದ್ದು ಬೇರೆಯೇ ಪಾಠ. ಇಬ್ಬರೂ ಸೌತ್‌ಪಾ, ಇಬ್ಬರೂ ಎರಡೆರಡು ಒಲಿಂಪಿಕ್ ಚಿನ್ನ ಗೆದ್ದವರು. ಆರು ರೌಂಡ್ ಆದ ಮೇಲೆ ರಿಗೊಂಡೊ ಸ್ಟೂಲಿನಿಂದ ಏಳಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಲಿಸುವುದು 2018ರ ಮೇ 12ರ ಹೊರ್ಹೆ ಲಿನಾರೆಸ್ ಪಂದ್ಯ. ಆರನೇ ರೌಂಡಿನಲ್ಲಿ ಲೊಮಚೆಂಕೊ ನೇರ ಎದುರಿಗೆ ಸಿಕ್ಕ, ಲಿನಾರೆಸ್‌ನ ಬಲಗೈ ನಡುವಿನಿಂದ ಬಂತು, ಕೆಳಗೆ ಬಿದ್ದ. ಇಂಥಾ ಕಾಲಿನವನೂ ಒಂದು ಕ್ಷಣ ನೇರ ಗೆರೆಯಲ್ಲಿ ನಿಂತರೆ ಹೀಗಾಗುತ್ತದೆ. ಎದ್ದ, ಮತ್ತೆ ಪಕ್ಕಕ್ಕೆ ಹೋಗತೊಡಗಿದ. ಹತ್ತನೇ ರೌಂಡಿನಲ್ಲಿ ಎಡಗೈಯಿಂದ ಲಿನಾರೆಸ್‌ನ ಬಲ ಪಕ್ಕೆಗೆ, ಪಿತ್ತಜನಕಾಂಗ ಇರುವ ಕಡೆ, ಒಂದು ಹೊಡೆತ. ಲಿನಾರೆಸ್ ಕೆಳಗೆ ಬಿದ್ದ, ರೆಫರಿ ಪಂದ್ಯ ನಿಲ್ಲಿಸಿದರು. ಆ ಹೊಡೆತಕ್ಕಿಂತ ಮುಂಚಿನ ಹತ್ತು ಸೆಕೆಂಡನ್ನು ನಿಧಾನಕ್ಕೆ ಓಡಿಸಿ ನೋಡಿ.

ಕೊನೆಯದಾಗಿ, ಅವನು ಸೋತ ಒಂದು ಪಂದ್ಯವನ್ನೂ ನೋಡಬೇಕು. 2020ರ ಅಕ್ಟೋಬರ್ 17, ತಿಯೊಫಿಮೊ ಲೋಪೆಜ್. ಮೊದಲರ್ಧದಲ್ಲಿ ಲೊಮಚೆಂಕೊ ಚೆನ್ನಾಗಿ ಓಡಾಡಿದ, ಆದರೆ ಹೊಡೆದದ್ದು ಬಹಳ ಕಡಿಮೆ. ಆಮೇಲೆ ಎಷ್ಟು ಹೋರಾಡಿದರೂ ಮೂವರು ತೀರ್ಪುಗಾರರೂ ಲೋಪೆಜ್‌ಗೇ ಕೊಟ್ಟರು.

ಆ ಪಂದ್ಯ ನೋಡಿದ ಮೇಲೆ ನಾನು ಒಂದು ಅಭ್ಯಾಸ ಸೇರಿಸಿದ್ದೇನೆ. ರೌಂಡ್ ಶುರುವಾಗುವ ಮೊದಲು ಅಂಗಳದ ಮೂಲೆಯಲ್ಲಿ ಹೆಡಿಗೆ ಇಟ್ಟು, ಅದರಲ್ಲಿ ಇಪ್ಪತ್ತು ಅಡಿಕೆ ಹಾಕುತ್ತೇನೆ. ಜೊತೆಗಾರ ಹತ್ತಿರ ಕೂತು ಎಣಿಸಬೇಕು. ಹೊರಗಾಲಿಟ್ಟು, ಪಿವಟ್ ಮಾಡಿ, ಹೊಡೆತ ಹಾಕದೆ ಸುಮ್ನೆ ಹೊರಟರೆ ಒಂದು ಅಡಿಕೆ ಹೊರಗೆ. ಹೊಡೆದರೆ ಹಾಗೇ ಇರಲಿ. ಮೊದಲ ದಿನ ಆ ಗೆಜ್ಜೆ ಹುಡುಗಿಯ ಹೆಡಿಗೆಯಲ್ಲಿ ನಾಲ್ಕು ಉಳಿದಿತ್ತು. ಕಳೆದ ವಾರ ಹದಿನೇಳು.